ದಡಾರ: ದದ್ದು ಬಾಡುವ ದಿನಗಳಲ್ಲೇ ಎಚ್ಚರ ಬೇಕು

ಮಾನ್ಯ ಸಂಪಾದಕರೇ,

ಮಗುವಿಗೆ ಜ್ವರ ಬಂದು ಮೈಮೇಲೆ ದದ್ದು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ಮನೆಗಳು ಇನ್ನೂ ಇವೆ. ಬೇವಿನಿಂದ ಕೇಡಿಲ್ಲ, ಮಗುವನ್ನು ಬೇರೆ ಮಲಗಿಸುವುದಂತೂ ಒಳ್ಳೆಯದೇ. ಕೇಡಿರುವುದು ಔಷಧಿ ಮುಟ್ಟಿಸಬಾರದು, ಪಥ್ಯ ಮಾಡಿಸಬೇಕು ಎಂಬ ಹಟದಲ್ಲಿ. ದಡಾರದಲ್ಲಿ ಜೀವ ತೆಗೆಯುವುದು ಬೆನ್ನಿಗೇ ಬರುವ ನಿಮೋನಿಯಾ ಮತ್ತು ಭೇದಿ.

ಮೊದಲ 2–4 ದಿನ ದದ್ದೇ ಇರುವುದಿಲ್ಲ. ಏರುವ ಜ್ವರ, ಕೆಮ್ಮು, ಸೋರುವ ಮೂಗು, ಬೆಳಕು ತಡೆಯದ ಕೆಂಗಣ್ಣು, ಅಷ್ಟೇ. ನೆಗಡಿಯೆಂದು ಅಂಗನವಾಡಿಗೆ ಕಳಿಸುವುದೂ ಆಗಲೇ, ರೋಗ ಹರಡುವುದೂ ಆಗಲೇ: ದದ್ದು ಏಳುವ 4 ದಿನ ಮೊದಲಿನಿಂದ ಎದ್ದ 4 ದಿನದವರೆಗೆ. ಟಾರ್ಚ್ ಹಿಡಿದು ಕೆನ್ನೆಯ ಒಳಭಾಗವನ್ನು ದವಡೆಹಲ್ಲಿನ ಎದುರಿಗೆ ನೋಡಿದರೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಾಣಬಹುದು. ಕಾಣದಿದ್ದರೆ ದಡಾರವಲ್ಲ ಎನ್ನುವಂತಿಲ್ಲ. ದದ್ದು ಕಿವಿಯ ಹಿಂದೆ, ಕೂದಲಂಚಿನಲ್ಲಿ ಶುರುವಾಗಿ ಸುಮಾರು ಮೂರು ದಿನದಲ್ಲಿ ಪಾದದವರೆಗೆ ಇಳಿಯುತ್ತದೆ. ಕಪ್ಪು ಮೈಯಲ್ಲಿ ಕೆಂಪು ಸರಿಯಾಗಿ ತೋರದು. ಬೆರಳಾಡಿಸಿದರೆ ತರಿತರಿ ತಿಳಿಯುತ್ತದೆ. ನೀರು ತುಂಬಿದ ಗುಳ್ಳೆಯಾದರೆ ಅದು ಸೀತಾಳೆ ಸಿಡುಬು.

ದದ್ದು ಎದ್ದ ಮೂರು–ನಾಲ್ಕು ದಿನಕ್ಕೆ ಜ್ವರ ಇಳಿಯಬೇಕು. ಇಳಿಯಲಿಲ್ಲ, ಅಥವಾ ಇಳಿದು ಮತ್ತೆ ಏರಿತು ಎಂದರೆ ಬೇರೇನೋ ಸೇರಿಕೊಂಡಿದೆ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಕೂಸಿಗೆ 50, 1ರಿಂದ 5 ವರ್ಷದವರಿಗೆ 40 ಮುಟ್ಟಿದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೇದಿದರೆ, ಹಾಲು ಕುಡಿಯಲಾಗದಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಕಿವಿ ಸೋರಿದರೆ ಎಣ್ಣೆ ಬಿಡಬೇಡಿ, ಕಣ್ಣಿಗೆ ಮನೆಮದ್ದು ಹಾಕಬೇಡಿ.

ಕಣ್ಣು ಉಳಿಸುವುದು ವಿಟಮಿನ್ ಎ. ವೈದ್ಯರು ಇದನ್ನು ಎರಡು ದಿನ ಸತತ ಕೊಡಬೇಕು: 6 ತಿಂಗಳೊಳಗಿನ ಕೂಸಿಗೆ ದಿನಕ್ಕೆ 50 ಸಾವಿರ ಯೂನಿಟ್, 6–11 ತಿಂಗಳಿಗೆ 1 ಲಕ್ಷ, ವರ್ಷ ತುಂಬಿದವರಿಗೆ 2 ಲಕ್ಷ. ಎಷ್ಟೋ ಚೀಟಿಗಳಲ್ಲಿ ಇದು ಇರುವುದಿಲ್ಲ, ವೈರಸ್ಸಿಗೆ ನಾಟದ ಆಂಟಿಬಯಾಟಿಕ್ ಮಾತ್ರ ಇರುತ್ತದೆ! ಕೇಳಿ ಪಡೆಯಿರಿ. ಎದೆಹಾಲು, ಗಂಜಿ, ಬೇಳೆ, ಮೊಟ್ಟೆ ಯಾವುದನ್ನೂ ನಿಲ್ಲಿಸುವ ಕಾರಣವಿಲ್ಲ. ಭೇದಿಗೆ ಓಆರ್‌ಎಸ್, ಜ್ವರಕ್ಕೆ ತೂಕ ನೋಡಿ ಪ್ಯಾರಾಸಿಟಮಾಲ್, ಆಸ್ಪಿರಿನ್ ಬೇಡ.

ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದಾಗ ಒಮ್ಮೆ, 16–24 ತಿಂಗಳಲ್ಲಿ ಮತ್ತೊಮ್ಮೆ. ತಪ್ಪಿದ್ದರೆ 5 ವರ್ಷದವರೆಗೂ ಸರ್ಕಾರಿ ಕೇಂದ್ರದಲ್ಲಿ ಹಾಕುತ್ತಾರೆ. ರೋಗಿಯ ಸಂಪರ್ಕವಾದ 72 ಗಂಟೆಯೊಳಗೆ ಹಾಕಿಸಿದರೆ ರೋಗವನ್ನೇ ತಡೆಯಬಹುದು. ದದ್ದು ಕಾಣುವಷ್ಟರಲ್ಲಿ ಒಡಹುಟ್ಟಿದವರಿಗೆ ಆ ಗಡುವು ಬಹುಪಾಲು ಮೀರಿರುತ್ತದೆ, ಬೀದಿಯ ಉಳಿದ ಮಕ್ಕಳಿಗೆ ಇನ್ನೂ ಸಮಯವಿರಬಹುದು. ಹಾಗಾಗಿ ಆಶಾ ಕಾರ್ಯಕರ್ತೆಗೆ ದದ್ದು ಕಂಡ ದಿನವೇ ತಿಳಿಸಿ.

– ಮಕ್ಕಳ ವೈದ್ಯರೊಬ್ಬರು, ಕೊಪ್ಪಳ