ಉಟ್ರೆಕ್ಟ್‌ನಿಂದ ಅಪ್ಪನಿಗೆ

ಅಪ್ಪನಿಗೆ ನಮಸ್ಕಾರ.

ನಾನು ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ಚೆನ್ನಾಗಿದ್ದೇನೆ. ಭಾನುವಾರ ಫೋನಿನಲ್ಲಿ ನನ್ನ ಕೋಬಾಲ್ಟ್ ಪುಡಿಯ ಬಗ್ಗೆ ನೀವು ಕೇಳಿದ್ದು ವಾರವಿಡೀ ತಲೆಯಲ್ಲಿತ್ತು. "ಪುಡಿ ಸಣ್ಣಗಾದಷ್ಟೂ ಒಳ್ಳೆಯದಲ್ವಾ?" ಅಂದಿರಿ. ಗಿರಣಿ ನಡೆಸುವವರಿಗೆ ಮೊದಲು ಹೊಳೆಯುವುದೇ ಅದು. ಆಗ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳಿಂದ ಡೀಸೆಲ್, ಮೇಣದಂಥ ಹೈಡ್ರೋಕಾರ್ಬನ್ ಮಾಡುವುದು ನಮ್ಮ ಕೆಲಸ. 1920ರ ದಶಕದಲ್ಲಿ ಜರ್ಮನಿಯಲ್ಲಿ ಫಿಷರ್ ಮತ್ತು ಟ್ರಾಪ್ಶ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ದಾರಿ. ಇದನ್ನು ಮಾಡಿಸುವುದು ಕೋಬಾಲ್ಟ್ ಕಣಗಳು. ಅನಿಲ ತಾಗುವುದು ಕಣದ ಮೈಗೆ ಮಾತ್ರ, ಒಳಗಿನ ಲೋಹ ಸುಮ್ನೆ ಕೂತಿರುತ್ತದೆ. ಕಣ ಸಣ್ಣಗಾದಷ್ಟೂ ಅಷ್ಟೇ ಲೋಹಕ್ಕೆ ಮೈ ಜಾಸ್ತಿ ಸಿಗುತ್ತದೆ, ಹಾಗಾಗಿ ನಿಮ್ಮ ಮಾತು ಸರಿ.

ಆದರೆ ಒಂದು ಮಿತಿವರೆಗೆ. ಕಣ 6ರಿಂದ 8 ನ್ಯಾನೋಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಚಿಕ್ಕದಾದರೆ ಮೈಮೇಲಿನ ಒಂದೊಂದು ಪರಮಾಣುವೂ ಕಡಿಮೆ ಕೆಲಸ ಮಾಡುತ್ತದೆ, ಬೇಡದ ಮೀಥೇನ್ ಜಾಸ್ತಿ ಬರುತ್ತದೆ. ಇದನ್ನು 2006ರಲ್ಲಿ ತೋರಿಸಿದ್ದು ಇಲ್ಲಿನ ವಿಶ್ವವಿದ್ಯಾಲಯದ ತಂಡವೇ. ಇಡ್ಲಿ ಅಕ್ಕಿ ಬಂದರೆ ನೀವು ಕಲ್ಲು ಸಡಿಲ ಮಾಡಿ ತರಿತರಿಯಾಗಿ ಬೀಸುತ್ತೀರಲ್ವಾ, ನನಗೆ ಅದೇ ನೆನಪಾಯಿತು.

ನಾವು ಬೀಸುವುದಿಲ್ಲ ಅಪ್ಪ. ಕೋಬಾಲ್ಟ್ ನೈಟ್ರೇಟ್ ಕರಗಿಸಿದ ನೀರನ್ನು ಇನ್ನೊಂದು ಪುಡಿಗೆ ಹೀರಿಸಿ, ಒಣಗಿಸಿ, ಕಾಯಿಸುತ್ತೇವೆ. ಆ ಪುಡಿಯೇ ಆಸರೆ. ಹೀರೆಬಳ್ಳಿಗೆ ಚಪ್ಪರ ಇದ್ದ ಹಾಗೆ. ಅದಿಲ್ಲದಿದ್ದರೆ ಕಣಗಳು ಬಿಸಿಗೆ ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ಅಲ್ಯೂಮಿನಾ, ಸಿಲಿಕಾ, ಟೈಟಾನಿಯಾ, ಹೀಗೆ ಹಲವು ಇವೆ. ಅಲ್ಯೂಮಿನಾ ಒಮ್ಮೊಮ್ಮೆ ಕೋಬಾಲ್ಟನ್ನೇ ತನ್ನೊಳಗೆ ಸೇರಿಸಿಕೊಂಡುಬಿಡುತ್ತದೆ. ಕಣ ಚಿಕ್ಕದಾದಷ್ಟೂ ಈ ಭಯ ಜಾಸ್ತಿ. ಹೋದ ತಿಂಗಳು ನನಗೂ ಹಾಗೇ ಆಯಿತು. ಕುಲುಮೆಯ ಬಿಸಿ ಜಾಸ್ತಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ಕಪ್ಪಗಿರಬೇಕಾದ ಪುಡಿ ನೀಲಿ! ಕೋಬಾಲ್ಟ್ ಅಲ್ಯೂಮಿನೇಟ್ ಆಗಿಬಿಟ್ಟಿತ್ತು. ಹೈಡ್ರೋಜನ್‌ನಲ್ಲಿ 400 ಡಿಗ್ರಿಗೆ ಕಾಯಿಸಿದರೂ ಅದು ಲೋಹವಾಗಲಿಲ್ಲ. ಮೂರು ವಾರದ ಕೆಲಸ ಹೋಯಿತು. ತುಂಬಾ ಬೇಜಾರಾಯಿತು.

2006ರ ತಂಡದವರು ಆಸರೆಗೆ ಕಾರ್ಬನ್ ನ್ಯಾನೋಫೈಬರ್, ಅಂದರೆ ಇಂಗಾಲದ ತೀರಾ ಸಣ್ಣ ಎಳೆಗಳನ್ನು, ಯಾಕೆ ಆರಿಸಿಕೊಂಡರು ಅಂತ ಆವತ್ತು ನನಗೆ ಪೂರ್ತಿ ಅರ್ಥವಾಯಿತು. ಅದು ಕೋಬಾಲ್ಟನ್ನು ಹೀಗೆ ನುಂಗುವುದಿಲ್ಲ. ಆದ್ದರಿಂದ ಕೆಲಸ ಕುಗ್ಗಿದ್ದು ಗಾತ್ರದಿಂದ, ಆಸರೆಯಿಂದಲ್ಲ ಅಂತ ಅವರು ಧೈರ್ಯವಾಗಿ ಹೇಳಬಹುದಿತ್ತು. ಎರಡನ್ನೂ ಬಿಡಿಸಿ ನೋಡಿದ ಆ ಜಾಣತನ ನನಗೆ ಬಹಳ ಇಷ್ಟ.

ಸೋಮವಾರ ಹೊಸ ಪುಡಿಯನ್ನು 220 ಡಿಗ್ರಿ, 20 ಬಾರ್ ಒತ್ತಡದಲ್ಲಿ ಇಡುತ್ತೇನೆ. ಮೇಣ ಬಂದರೆ ಅವತ್ತೇ ಫೋನ್ ಮಾಡುತ್ತೇನೆ. ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ.

ನಿಮ್ಮ ಮಗಳು