ಫಾರ್ಮ್ಯಾಟ್ ಮಾಡುವ ಮುಂಚೆ ಕೊನೆಯ ಸಾಲು ಓದಿ

ಸಂಪಾದಕರಿಗೆ,

ಲಿನಕ್ಸ್‌ನ ತಿರುಳಾದ ಕರ್ನಲನ್ನು ತಾವೇ ಕಂಪೈಲ್ ಮಾಡಿದ (ಮೂಲ ಕೋಡಿನಿಂದ ಕಟ್ಟಿದ) ಮೇಲೆ ಕಂಪ್ಯೂಟರ್ ಬೂಟ್ ಆಗುತ್ತಿಲ್ಲ ಎಂದು ಓದುಗರೊಬ್ಬರು ನಿಮ್ಮ ತಂತ್ರಜ್ಞಾನ ಪುಟಕ್ಕೆ ಬರೆದಿದ್ದರು. ‘ಫಾರ್ಮ್ಯಾಟ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಿ’ ಎಂಬ ಉತ್ತರ ಅಚ್ಚಾಗಿದೆ. ಓದಿ ಬೇಸರವಾಯಿತು. ನಾನು ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಇದೇ ತೊಂದರೆ ಇಟ್ಟುಕೊಂಡು ಹುಡುಗರು ಬರುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಡಿಸ್ಕಿನ ಫೈಲ್‌ಗಳಿಗೆ ಏನೂ ಆಗಿರುವುದಿಲ್ಲ. ಅವು ಹೋಗುವುದು ಫಾರ್ಮ್ಯಾಟ್ ಮಾಡಿದಾಗಲೇ.

ಹೊಸ ಕರ್ನಲ್ ಹಾಕಿದರೆ ಸಾಮಾನ್ಯವಾಗಿ ಹಳೆಯದು ಅಳಿಸಿಹೋಗುವುದಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಗ್ರಬ್ (ಯಂತ್ರ ಆನ್ ಆದಾಗ ಕರ್ನಲ್ ಆರಿಸಿ ಶುರುಮಾಡುವ ಪ್ರೋಗ್ರಾಂ) ಮೆನು ತೆರೆದು ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಅದು ಅಲ್ಲೇ ಇರುತ್ತದೆ. ಮೆನು ಕಾಣದಿದ್ದರೆ ಆನ್ ಆಗುತ್ತಿದ್ದಂತೆ ಎಸ್ಕೇಪ್ ಕೀ ಒತ್ತಬೇಕು. ಹಳೇ ಬಯೋಸ್ ಯಂತ್ರವಾದರೆ ಶಿಫ್ಟ್ ಹಿಡಿದಿರಬೇಕು. ಬಹಳ ಸಲ ಇಷ್ಟರಲ್ಲೇ ಯಂತ್ರ ಮೇಲೇಳುತ್ತದೆ. ಆಮೇಲೆ ನಿಧಾನವಾಗಿ ಹೊಸದರಲ್ಲಿ ಏನಾಗಿದೆ ನೋಡಬಹುದು.

ಈಚೆಗೆ ಒಬ್ಬ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ತಂದಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇತ್ತು. ಅವಳಿಗೂ ಯಾರೋ ಫಾರ್ಮ್ಯಾಟ್ ಮಾಡು ಎಂದಿದ್ದರು. ಪರದೆಯ ಕೊನೆಯಲ್ಲಿ ‘ಕರ್ನಲ್ ಪ್ಯಾನಿಕ್’ (ಮುಂದೆ ಹೋಗಲಾಗದೆ ಕರ್ನಲ್ ನಿಂತಿದೆ) ಎಂದಿತ್ತು, ಜೊತೆಗೆ ಮುಖ್ಯ ಫೈಲ್ ಸಿಸ್ಟಮ್ ತೆರೆಯಲಾಗಲಿಲ್ಲ ಎನ್ನುವ ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ಆ ಎರಡು ಸೊನ್ನೆ ಬಹಳ ಮುಖ್ಯ. ಕರ್ನಲ್‌ಗೆ ಡಿಸ್ಕೇ ಸಿಕ್ಕಿಲ್ಲ ಎನ್ನುವುದಕ್ಕೆ ಅದು ಗುರುತು. ಅಲ್ಲಿ 8,2 ಥರದ ಅಂಕಿ ಇದ್ದರೆ ಡಿಸ್ಕ್ ಸಿಕ್ಕಿದೆ, ಅದರ ಫೈಲ್ ಸಿಸ್ಟಮ್ ಓದಲು ಬರುತ್ತಿಲ್ಲ ಎಂದು ಹುಡುಕಾಟ ಬೇರೆ ಕಡೆ ಹೋಗುತ್ತದೆ.

ಡಿಸ್ಕ್ ಯಾಕೆ ಸಿಗುವುದಿಲ್ಲ? ಎನ್‌ವಿಎಂಇ ಡಿಸ್ಕ್ (ಒಂದು ಬಗೆಯ ವೇಗದ ಎಸ್‌ಎಸ್‌ಡಿ) ಓದುವ ಡ್ರೈವರನ್ನು ಮಾಡ್ಯೂಲ್ ಆಗಿ, ಅಂದರೆ ಕರ್ನಲ್‌ನಿಂದ ಹೊರಗಿನ ಬೇರೆ ಫೈಲಾಗಿ, ಕಟ್ಟಿದರೆ ಅದು ಅದೇ ಡಿಸ್ಕಿನಲ್ಲಿ ಕೂತಿರುತ್ತದೆ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಅದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲ್ ಇರುವುದು. ಗ್ರಬ್ ಅದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತರುತ್ತದೆ, ಬೇಕಾದ ಡ್ರೈವರ್‌ಗಳು ಅದರಲ್ಲಿರುತ್ತವೆ. ಅವಳ ಯಂತ್ರದಲ್ಲಿ ಹೊಸ ಕರ್ನಲ್‌ಗೆ ಆ ಫೈಲೇ ಆಗಿರಲಿಲ್ಲ. ಆ ಫೈಲ್ ಇರಬೇಕಾದ ಬೂಟ್ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ತುಂಬಿಹೋಗಿತ್ತು. ನಾವೇ ಕಟ್ಟಿದ ಮಾಡ್ಯೂಲ್‌ಗಳಲ್ಲಿ ಡೀಬಗ್ ಮಾಹಿತಿ (ತಪ್ಪು ಹುಡುಕಲು ಸೇರಿಸುವ ವಿವರ) ಉಳಿದುಕೊಂಡರೆ ಆ ಫೈಲ್ ನೂರಾರು ಎಂಬಿಗೆ ಬೆಳೆಯುತ್ತದೆ, ಜಾಗ ಸಾಲದೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿದೆವು. ಮಾಡ್ಯೂಲ್‌ಗಳನ್ನು ಸ್ಟ್ರಿಪ್ ಮಾಡಿ (ಆ ಡೀಬಗ್ ಮಾಹಿತಿ ತೆಗೆದು) ಮತ್ತೆ ಹಾಕಿ, ಇನಿಟ್‌ರಾಮ್‌ಎಫ್‌ಎಸ್ ಕಟ್ಟಿ, ಗ್ರಬ್ ಅಪ್‌ಡೇಟ್ ಮಾಡಿದೆವು. ಪ್ರಾಜೆಕ್ಟ್ ಇದ್ದಲ್ಲೇ ಇತ್ತು.

ಜಾಗ ಮಾಡಲೆಂದು ಹಳೇ ಕರ್ನಲ್‌ಗಳನ್ನೆಲ್ಲ ಅಳಿಸುವವರೂ ಇದ್ದಾರೆ. ಚೆನ್ನಾಗಿ ಓಡುತ್ತಿರುವ ಒಂದನ್ನಾದರೂ ಮುಟ್ಟಬಾರದು. ಹಾಗೆಯೇ ಹೊಸದಕ್ಕೆ ಕಂಪೈಲ್ ಸೆಟ್ಟಿಂಗ್‌ಗಳಲ್ಲಿ ಲೋಕಲ್‌ವರ್ಷನ್ ಎಂಬಲ್ಲಿ ಬೇರೆ ಹೆಸರು ಕೊಡಬೇಕು. ಇಲ್ಲವಾದರೆ ಅದೇ ಆವೃತ್ತಿಯನ್ನು ಮತ್ತೆ ಕಟ್ಟಿದಾಗ ಹಳೆಯದರ ಮಾಡ್ಯೂಲ್‌ಗಳ ಮೇಲೆಯೇ ಹೊಸವು ಬಂದು ಕೂರುತ್ತವೆ.

ಪರದೆಯಲ್ಲಿ ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದಿದ್ದರೆ ಸಮಸ್ಯೆ ಬೇರೆ. ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇದ್ದರಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಸಹಿಯಿಲ್ಲದ ನಮ್ಮ ಕರ್ನಲನ್ನು ಶುರುವಾಗಲೂ ಬಿಟ್ಟಿಲ್ಲ. ಸ್ವಂತ ಕೀ ನೋಂದಾಯಿಸಿ ಸಹಿ ಮಾಡಬೇಕು, ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಪಕ್ಕದಲ್ಲಿ ವಿಂಡೋಸ್ ಇದ್ದು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಹಾಕಿದ್ದರೆ ಆಫ್ ಮಾಡುವ ಮುಂಚೆ ರಿಕವರಿ ಕೀ ಕೈಯಲ್ಲಿರಲೇಬೇಕು.

ಹಳೇ ಕರ್ನಲ್ ಒಂದೂ ಉಳಿದಿಲ್ಲವೆಂದರೂ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಸಿಎಚ್‌ರೂಟ್ ಎಂಬ ಆಜ್ಞೆಯ ಮೂಲಕ ಡಿಸ್ಕಿನಲ್ಲಿರುವ ಲಿನಕ್ಸ್‌ನ ಒಳಗೆ ಹೋಗಿ ಸರಿಮಾಡಲು ದಾರಿ ಇದೆ.

ಕಲಿಯುವ ಹಂಬಲದಿಂದ ಕರ್ನಲ್ ಕಟ್ಟಲು ಕೈ ಹಾಕಿದವರಿಗೆ ‘ಎಲ್ಲ ಅಳಿಸಿ’ ಎಂದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಅಲ್ವಾ? ದಯವಿಟ್ಟು ಮುಂದಿನ ವಾರದ ಪುಟದಲ್ಲಿ ತಿದ್ದುಪಡಿ ಹಾಕಿ. ಇನ್ನು ಮುಂದೆ ಇಂಥ ಪ್ರಶ್ನೆ ಬಂದರೆ ಉತ್ತರ ಬರೆಯುವ ಮೊದಲು ಪರದೆಯ ಕೊನೆಯ ಸಾಲುಗಳ ಫೋಟೊ ಕಳಿಸಿ ಎಂದು ಓದುಗರನ್ನು ಕೇಳಿ.

ಇಂತಿ,
ಕಾಲೇಜು ಲ್ಯಾಬ್ ಸಹಾಯಕ, ನಿಮ್ಮ ಓದುಗ