ಬಸ್ಸಿಗೆ ಫುಲ್ ಫಾರ್ಮ್ ಇಲ್ಲ

ಮಾನ್ಯ ಸಂಪಾದಕರೇ,

ಆರನೇ ತರಗತಿಯ ನನ್ನ ಮೊಮ್ಮಗಳಿಗೆ ಹೋದ ವಾರ ಶಾಲೆಯಲ್ಲಿ ಜಿ.ಕೆ. ಪರೀಕ್ಷೆ ಇತ್ತು. ‘ಬಸ್’ನ ಫುಲ್ ಫಾರ್ಮ್ ಏನು ಅಂತ ಒಂದು ಪ್ರಶ್ನೆ. ಖಾಲಿ ಬಿಟ್ಟು ಬಂದಳು, ಒಂದು ಅಂಕ ಹೋಯಿತು. ‘ಬ್ರಾಡ್‌ಲಿ ಯುಟಿಲೈಸ್ಡ್ ಸರ್ವೀಸ್’ ಅಂತ ಬರೆಯಬೇಕಿತ್ತಂತೆ. ‘ಅಜ್ಜಾ, ಇಷ್ಟು ವರ್ಷ ಬಸ್ಸಿನ್ಯಾಗ ಇದ್ದಿ, ನಿನಗೂ ಗೊತ್ತಿರಲಿಲ್ಲೇನು?’ ಎಂದಳು. ಗದಗ-ಹುಬ್ಬಳ್ಳಿ ನಡುವೆ ವರ್ಷಗಟ್ಟಲೆ ಟಿಕೆಟ್ ಹರಿದವನು ನಾನು. ಮರ್ಯಾದೆ ಪ್ರಶ್ನೆ, ಅಲ್ವಾ? ಡಿಕ್ಷನರಿ ತೆಗೆದು ಕೂತೆ.

ಬಸ್ಸಿಗೆ ಫುಲ್ ಫಾರ್ಮೇ ಇಲ್ಲ. ಅದು ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ. ‘ಓಮ್ನಿಸ್’ ಅಂದರೆ ಎಲ್ಲ, ‘ಓಮ್ನಿಬಸ್’ ಅಂದರೆ ಎಲ್ಲರಿಗೆ. ನಾವು ಬಾಯಿಪಾಠ ಮಾಡಿದ ಅದೇ ಚತುರ್ಥಿ ವಿಭಕ್ತಿ! ಇಂಗ್ಲಿಷಿನವರು ‘ಎಲ್ಲ’ ಅನ್ನುವ ತಲೆಯನ್ನು ಕತ್ತರಿಸಿ ಪ್ರತ್ಯಯದ ತುಂಡು ಇಟ್ಟುಕೊಂಡರು. ನಾವು ‘ಎಲ್ಲರಿಗೆ’ಯನ್ನು ಮುರಿದು, ‘ಅಣ್ಣಿಗೇರಿ ರಿಗೆ ಬಂತೇನ್ರಿ?’ ಅಂತ ಸ್ಟ್ಯಾಂಡಿನಲ್ಲಿ ಕೇಳಿದ ಹಾಗೆ. ಆ ತಲೆ ನಮ್ಮಲ್ಲಿ ಓಮ್ನಿ ವ್ಯಾನಿನ ಹೆಸರಾಗಿ ಬಂತು. ಬಸ್ಸಿನ ಮುಂದೆ ಹೋಗಿ ನಮ್ಮ ಗಿರಾಕಿಗಳನ್ನು ಎತ್ತಿಕೊಳ್ಳುತ್ತಿದ್ದದ್ದೂ ಅದೇ.

ಶುರುವಾಗಿದ್ದು ಫ್ರಾನ್ಸಿನ ನಾಂತ್ ಊರಿನಲ್ಲಿ, 1826ರಲ್ಲಿ. ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ತನ್ನ ಬಿಸಿನೀರಿನ ಸ್ನಾನದ ಮನೆಗೆ ಜನರನ್ನು ಕರೆತರಲು ಕುದುರೆಗಾಡಿ ಬಿಟ್ಟ. ಹತ್ತಿದವರು ಸ್ನಾನಕ್ಕೆ ಬರಲಿಲ್ಲ, ನಡುವೆ ತಮ್ಮ ಕೆಲಸ ಇದ್ದಲ್ಲಿ ಇಳಿದುಕೊಂಡರು. ಜಾಣ, ಗಾಡಿಯನ್ನೇ ದಂಧೆ ಮಾಡಿಕೊಂಡ. 1829ರ ಜುಲೈ 4ರಂದು ಜಾರ್ಜ್ ಶಿಲಿಬಿಯರ್ ಲಂಡನ್ನಿನಲ್ಲಿ ಓಮ್ನಿಬಸ್ ಓಡಿಸಿದ. ಮೂರು ಕುದುರೆ, 22 ಸೀಟು, ಪೂರ್ತಿ ದಾರಿಗೆ ಒಂದು ಶಿಲ್ಲಿಂಗ್. ಹೆಸರು ‘ಎಲ್ಲರಿಗೆ’, ದರ ಮಾತ್ರ ಕೂಲಿಯವರಿಗೆ ನಿಲುಕದ್ದು.

ಬಸ್ಸು ತುಂಬಿದಾಗ ನಾನು ಬಾಗಿಲಲ್ಲಿ ನಿಂತು ‘ಬಸ್, ಬಸ್’ ಅಂತ ಕೂಗುತ್ತಿದ್ದೆ. ಆ ಬಸ್ ಬೇರೆ, ಫಾರಸಿಯದು, ‘ಸಾಕು’ ಅಂತ ಅರ್ಥ. ‘ಎಲ್ಲರಿಗೆ’ ಅನ್ನುವ ಗಾಡಿಯ ಬಾಗಿಲಲ್ಲೇ ನಿಂತು ‘ಸಾಕು’ ಅಂತಿದ್ದೆ ನೋಡಿ! ಕರೆಂಟಿನವರ ‘ಬಸ್ ಬಾರ್’ ಮಾತ್ರ ನಮ್ಮ ಓಮ್ನಿಬಸ್ಸಿನ ಬಳಗವೇ. ಒಂದೇ ಪಟ್ಟಿಯಿಂದ ಎಲ್ಲ ಲೈನಿಗೂ ಕರೆಂಟು. ಫುಲ್ ಫಾರ್ಮ್ ಬೇಕೇ ಬೇಕಿದ್ದರೆ ‘ಯುಎಸ್‌ಬಿ’ ಕೇಳಬಹುದಿತ್ತು. ಯೂನಿವರ್ಸಲ್ ಸೀರಿಯಲ್ ಬಸ್. ಕೊನೆಗೆ ಅಲ್ಲೂ ಬಸ್ಸೇ ಕೂತಿದೆ.

ಅಕ್ಕೋರನ್ನು ದೂರುವುದಿಲ್ಲ, ಅವರ ಕೈಯಲ್ಲಿದ್ದ ಗೈಡಿನಲ್ಲೇ ಹಾಗೆ ಅಚ್ಚಾಗಿದೆ. ಮೊಬೈಲಿನಲ್ಲೂ ಅದೇ ಸುತ್ತುತ್ತಿದೆ. ನಿಮ್ಮ ವಿದ್ಯಾರ್ಥಿ ಪುಟಕ್ಕೆ ಇಂಥ ಫುಲ್ ಫಾರ್ಮ್ ಬಂದರೆ ದಯವಿಟ್ಟು ಒಮ್ಮೆ ಡಿಕ್ಷನರಿ ನೋಡಿಯೇ ಹಾಕಿ. ಈ ಪತ್ರ ಅಚ್ಚಾದರೆ ಮೊಮ್ಮಗಳು ಕತ್ತರಿಸಿ ಶಾಲೆಗೆ ಒಯ್ಯುತ್ತಾಳಂತೆ. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬರೆದು ಕೊಡುತ್ತಿದ್ದೆನಲ್ಲ, ಹಾಗೆ ಅವಳ ಉತ್ತರ ಪತ್ರಿಕೆಯ ಹಿಂದೆ ‘ಬಾಕಿ 1’ ಅಂತ ಬರೆದಿಟ್ಟಿದ್ದೇನೆ.

– ನಿವೃತ್ತ ಕಂಡಕ್ಟರ್, ಬೆಟಗೇರಿ, ಗದಗ